ಅಟ್ಟ ನೋಡುವ ಕೆಲಸ

ನನ್ನ ಮೊದಲ ಕೆಲಸದ ಆಫರ್ ಲೆಟರ್‌ನಲ್ಲಿ ‘ವೆಲ್ತ್ ಅಸೋಸಿಯೇಟ್’ ಎಂದು ಬರೆದಿತ್ತು. ಅಮ್ಮ ಅದರ ಮೂಲೆಗೆ ಕುಂಕುಮ ಹಚ್ಚಿ ಮೂರು ದಿನ ದೇವರ ಮುಂದೆ ಇಟ್ಟಿದ್ದಳು. ತುಮಕೂರಿನಲ್ಲಿ ಎಂ.ಕಾಂ. ಮುಗಿಸಿ, ಎಂಟು ತಿಂಗಳು ಮನೆಯಲ್ಲಿ ಕುಳಿತು, ‘ಏನ್ ಮಾಡ್ಕಂಡಿದೀಯವ್ವ’ ಎಂದು ಕೇಳುವ ನೆಂಟರಿಗೆ ಉತ್ತರ ಕೊಟ್ಟು ಸುಸ್ತಾಗಿದ್ದ ನನಗೂ ಆ ಎರಡು ಇಂಗ್ಲಿಷ್ ಪದ ಬಲು ರುಚಿಸಿದ್ದವು. ಜನರ ಮನೆಗೆ ಹೋಗಿ ಅವರ ಅಟ್ಟ ನೋಡಿಕೊಂಡು ಬರುವುದೇ ಅದರ ಅರ್ಥ ಎಂದು ಗೊತ್ತಾಗಲು ಒಂದು ವಾರ ಹಿಡಿಯಿತು. ಆ ಕೆಲಸವನ್ನು ಹದಿನಾರು ತಿಂಗಳು ಮಾಡಿದೆ. ಚೆನ್ನಾಗಿಯೇ ಮಾಡಿದೆ. ಮಾಡಿಸಿದವರ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ, ಅಷ್ಟು ಚೆನ್ನಾಗಿ ಮಾಡಿದ ನನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ.

ನಾನು ಸೇರಿದ್ದು ಹೂಡಿಕೆ ಕಂಪನಿ ಎಂದರೂ ದೊಡ್ಡದೇನಲ್ಲ. ತಿಪಟೂರಿನ ಬಿ.ಎಚ್. ರಸ್ತೆಯಿಂದ ಒಳಗೆ ತಿರುಗುವ ಗಲ್ಲಿಯಲ್ಲಿ, ಟೈರ್ ಅಂಗಡಿಯ ಮೇಲೆ ಎರಡು ರೂಮು. ಒಂದರಲ್ಲಿ ಯಜಮಾನರು, ಎ.ಸಿ., ಗಾಜಿನ ಮೇಜು. ಇನ್ನೊಂದರಲ್ಲಿ ಫಾರಂ ತುಂಬುವ ಒಬ್ಬ ಹಿರಿಯರು, ನಾನು, ಕೆಳಗಿನಿಂದ ಬರುವ ಸುಟ್ಟ ರಬ್ಬರಿನ ವಾಸನೆ. ಯಜಮಾನರ ಅಪ್ಪ ಕೊಬ್ಬರಿ ಮಂಡಿ ನಡೆಸಿದವರು. ಮಗ ಮಂಡಿ ಮುಚ್ಚಿ, ಅದೇ ರೈತರ ಫೋನ್ ನಂಬರುಗಳನ್ನು ಇಟ್ಟುಕೊಂಡು ಈ ಕಂಪನಿ ತೆರೆದಿದ್ದರು. ಆ ವರ್ಷ ಕೊಬ್ಬರಿಗೆ ಹಿಂದೆ ಯಾರೂ ಕಾಣದ ರೇಟು ಬಂದಿತ್ತು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಗಳಲ್ಲಿ ಹೊಸ ಬೈಕು ನಿಲ್ಲದ ಮನೆಯೇ ಇರಲಿಲ್ಲ. ಬೈಕು ತೆಗೆದುಕೊಂಡ ಮೇಲೆ ಉಳಿದದ್ದು ನಮಗೆ ಬರಬೇಕು ಎಂಬುದು ಯಜಮಾನರ ಲೆಕ್ಕಾಚಾರ.

ಇಂಟರ್‌ವ್ಯೂನಲ್ಲಿ ಅವರು ಎಂ.ಕಾಂ. ಬಗ್ಗೆ ಒಂದು ಮಾತೂ ಕೇಳಲಿಲ್ಲ. “ನಿಮ್ಮದು ತೋಟ ಐತಾ? ಮನೆ ಹಂಚಿಂದಾ? ಅಟ್ಟ ಎಷ್ಟು ಅಂಕಣ?” ಎಂದರು. ಎರಡು ಕಂಬಗಳ ನಡುವಿನ ಜಾಗಕ್ಕೆ ನಾವು ಅಂಕಣ ಎನ್ನುತ್ತೇವೆ. ಮೂರು ಅಂಕಣ ಎಂದೆ. “ತುಂಬಿದ್ರೆ ಎಷ್ಟು ಕಾಯಿ ಹಿಡೀತದೆ?” ಎಂದರು. ಥಟ್ಟನೆ ಹೇಳಿದೆ. ಅಷ್ಟಕ್ಕೇ ಕೆಲಸ ಸಿಕ್ಕಿತು. ಓದಿಗೆ ಸಿಕ್ಕಿದ ಬೆಲೆ ಎಂದು ನಾನು ಹಿಗ್ಗಿದ್ದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಕೊಬ್ಬರಿ ಹೇಗಾಗುತ್ತದೆ ಎಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳಬೇಕು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಕೆಳಗೆ ಒಲೆ ಉರಿಯುತ್ತಿರುತ್ತದೆ, ಮೇಲೆ ಕಾಯಿಯೊಳಗಿನ ನೀರು ತಾನಾಗಿ ಬತ್ತುತ್ತದೆ. ತಿರುಳು ಕರಟ ಬಿಟ್ಟು ಗುಂಡಗೆ ನಿಲ್ಲುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ಒಳಗೆ ಗಡಗಡ ಎಂದರೆ ಇಳಿಸುವ ಹೊತ್ತು ಬಂತು ಎಂದು ಅರ್ಥ. ಬ್ಯಾಂಕು, ಚೀಟಿ, ಚಿನ್ನ ಎಲ್ಲಕ್ಕಿಂತ ಮೊದಲು ನಮ್ಮ ಹೆಂಗಸರು ನಂಬಿದ್ದು ಅಟ್ಟವನ್ನು. ಮಗಳ ಮದುವೆ, ಬಾಣಂತನ, ಮನೆ ಹೊದಿಕೆ ಯಾವುದೇ ಬರಲಿ, ‘ಅಟ್ಟ ಇಳಿಸಿದ ಮೇಲೆ ನೋಡನ ಬುಡು’ ಎನ್ನುತ್ತಾರೆ.

ಹಾಗಾಗಿಯೇ ಒಂದು ಪದ್ಧತಿ ಇದೆ. ಬೇರೆಯವರ ಮನೆಯ ನಡುಮನೆಯಲ್ಲಿ ಕುಳಿತಾಗ ತಲೆ ಎತ್ತಿ ಅಟ್ಟ ನೋಡಬಾರದು. ಎಷ್ಟು ಕಾಯಿ ಇದೆ ಎಂದು ಕೇಳಬಾರದು. ಕೇಳಿದರೂ, ತೊಲೆ ಬಾಗುವಷ್ಟು ತುಂಬಿದ್ದರೂ, ‘ಏನೋ ಒಂದಿಷ್ಟು ಐತೆ ಕಣ್ರೀ’ ಎಂದೇ ಉತ್ತರ ಬರುತ್ತದೆ. ಚಿಕ್ಕಂದಿನಲ್ಲಿ ಅಜ್ಜಿಯ ಊರಿಗೆ ಹೋದಾಗ ನಾನೊಮ್ಮೆ ಪಕ್ಕದ ಮನೆಯ ಅಟ್ಟವನ್ನು ಬಾಯಿ ಬಿಟ್ಟುಕೊಂಡು ನೋಡಿದ್ದಕ್ಕೆ ಅಮ್ಮ ತೊಡೆ ಚಿವುಟಿದ್ದಳು. ಆ ನೋವಿನ್ನೂ ಚೆನ್ನಾಗಿ ನೆನಪಿದೆ.

ಯಜಮಾನರಿಗೆ ಬೇಕಾಗಿದ್ದದ್ದು ಅದೇ ನೋಟ. “ಗಂಡಸ್ರು ಹೋದ್ರೆ ಜಗಲಿ ಮೇಲೇ ಕಾಫಿ ಕೊಟ್ಟು ಕಳಿಸ್ತಾರೆ ಕಣಮ್ಮ. ನೀನು ಹೋದ್ರೆ ನಡುಮನೆಗಂಟ ಬುಡ್ತಾರೆ. ಮೇಲೆ ಏನೈತೆ ನೋಡ್ಕೊಂಡ್ ಬಾ. ಮಿಕ್ಕಿದ್ದು ನಾನು ಮಾತಾಡ್ತೀನಿ,” ಎಂದರು. ನಮ್ಮ ಫಾರಂನಲ್ಲಿ ‘ಇತರೆ ಆಸ್ತಿ’ ಎಂಬ ಕಾಲಂ ಇತ್ತು. ಹೊರಗೆ ಬಂದು ಸ್ಕೂಟರ್ ಹತ್ತಿರ ನಿಂತು ಅದರಲ್ಲಿ ನನ್ನ ಅಂದಾಜು ಬರೆಯಬೇಕಿತ್ತು. ಮನೆಯವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಎರಡು ದಿನ ಬಿಟ್ಟು ಯಜಮಾನರು ಫೋನ್ ಮಾಡಿ, ಅಟ್ಟ ಇಳಿಸಿದರೆ ಸಿಗುವ ಮೊತ್ತಕ್ಕೆ ಸರಿಹೋಗುವಂಥ ಒಂದು ಪ್ಲಾನನ್ನೇ ಹೇಳುತ್ತಿದ್ದರು. ಜನ ಬೆರಗಾಗುತ್ತಿದ್ದರು, ನಮ್ಮ ಕೈಲಿರೋದನ್ನ ಕಂಡವ್ರಂಗೆ ಹೇಳ್ತಾರಲ್ಲ ಎಂದು.

ತಲೆ ಎತ್ತದೆ ಅಟ್ಟ ನೋಡುವುದು ಹೇಗೆ? ಅದಕ್ಕೆ ನಾನೇ ಒಂದು ಉಪಾಯ ಕಂಡುಕೊಂಡೆ. ಕುಳಿತ ಕೂಡಲೇ ನೀರು ಕೇಳುವುದು. ನಮ್ಮ ಕಡೆ ಬೇರೆಯವರ ಮನೆಯಲ್ಲಿ ಚೊಂಬಿಗೆ ಬಾಯಿ ತಾಗಿಸದೆ ಎತ್ತಿ ಕುಡಿಯುವುದು ಮರ್ಯಾದೆ. ಎತ್ತಿ ಕುಡಿಯುವಾಗ ತಲೆ ಹಿಂದಕ್ಕೆ ವಾಲಲೇಬೇಕು, ಕಣ್ಣು ಮೇಲಕ್ಕೆ ಹೋಗಲೇಬೇಕು. ಒಂದು ಚೊಂಬು ನೀರು ಕುಡಿದು ಮುಗಿಸುವುದರೊಳಗೆ ಅಂಕಣಗಳು, ಸೊಂಟಮಟ್ಟ ಇದೆಯೋ ಎದೆಮಟ್ಟ ಇದೆಯೋ, ಹೊಸ ಕಾಯೋ ಹಳೆಯದೋ, ಎಲ್ಲ ನನಗೆ ಗೊತ್ತಾಗುತ್ತಿತ್ತು. ಒಂದು ದಿನಕ್ಕೆ ಆರು ಮನೆ ಎಂದರೆ ಆರು ಚೊಂಬು ನೀರು. ಹಂದನಕೆರೆ ಕಡೆ ಹೋದ ದಿನ ಹೊಟ್ಟೆ ಉಬ್ಬರಿಸಿಕೊಂಡು ವಾಪಸ್ಸು ಬರುತ್ತಿದ್ದೆ. ಇದನ್ನು ಹೇಳಿದಾಗ ಯಜಮಾನರು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಿದ್ದರು. ಅವರಿಂದ ಅಂಥ ಮೆಚ್ಚುಗೆ ಸಿಕ್ಕಿದ್ದಕ್ಕೆ ನಾನೂ ನಕ್ಕಿದ್ದೆ.

ಕೆಲಸಕ್ಕೆ ಸೇರಿದವರು ಮೊದಲು ಪರಿಚಯದವರ ಪಟ್ಟಿ ಕೊಡಬೇಕು ಎಂಬುದು ಕಂಪನಿಯ ನಿಯಮ. ನನ್ನ ಪಟ್ಟಿಯ ಮೊದಲ ಪುಟದಲ್ಲೇ ಅಕ್ಕ ಇದ್ದಳು. ಒಡಹುಟ್ಟಿದವಳಲ್ಲ, ಬಿಳಿಗೆರೆಯ ಹತ್ತಿರದ ಅಜ್ಜಿಯ ಊರಿನಲ್ಲಿ ಅಜ್ಜಿಯ ಮನೆ ಎದುರಿಗಿದ್ದವಳು. ಬೇಸಿಗೆ ರಜೆಯಲ್ಲಿ ನನಗೆ ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದವಳು ಅವಳೇ. ಗಂಡ ಗೂಡ್ಸ್ ಆಟೋ ಓಡಿಸುತ್ತಿದ್ದ. ತವರಿನಿಂದ ಬಂದ ಚಿಕ್ಕ ತೋಟ, ಅದರ ಕಾಯಿ, ಎರಡು ಅಂಕಣದ ಅಟ್ಟ ಎಲ್ಲ ಅವಳದೇ ಉಸ್ತುವಾರಿ. ಒಬ್ಬಳೇ ಮಗಳು ಸೆಕೆಂಡ್ ಪಿಯುಸಿಯಲ್ಲಿದ್ದಳು, ಮುಂದೆ ನರ್ಸಿಂಗ್ ಓದುತ್ತೇನೆ ಎಂದು ಹಟ ಹಿಡಿದಿದ್ದಳು. ಹಾಸನದ ಕಾಲೇಜಿನ ಫೀಜನ್ನು ಅಕ್ಕ ಆಗಲೇ ವಿಚಾರಿಸಿಕೊಂಡು ಬಂದಿದ್ದಳು.

ನಾನು ಹೋದ ದಿನ ಅವಳು ಕೊಬ್ಬರಿ ಇಳಿಸುವ ಯೋಚನೆಯಲ್ಲೇ ಇದ್ದಳು. ನೀರು ಕೇಳಿದೆ. ಹೊಳೆಯುವ ಚೊಂಬಿನಲ್ಲಿ ತಂದುಕೊಟ್ಟಳು. ಎತ್ತಿ ಕುಡಿದೆ, ನೋಡಿದೆ, ಮನಸ್ಸಿನಲ್ಲೇ ಎಣಿಸಿದೆ. ಅಕ್ಕ ಎದುರಿಗೆ ಕಂಬಕ್ಕೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು.

“ಬ್ಯಾಂಕಲ್ಲಿಟ್ರೆ ಆಟೋ ರಿಪೇರಿಗೆ ಅಂತ ಇವ್ರು ಈಸ್ಕೋತಾರೆ,” ಎಂದಳು. “ಮುಂದಿನ ವರ್ಷ ಇವಳ ಕಾಲೇಜಿಗೆ ಬೇಕು. ಅಲ್ಲಿಗಂಟ ಯಾರ ಕೈಗೂ ಸಿಗ್ಬಾರ್ದು ಕಣೇ. ನಿಮ್ ಕಂಪ್ನೀಲಿ ಅಂಥದ್ದೇನಾರ ಐತಾ?”

ಇತ್ತು. ಅರ್ಧ ವಿಮೆ, ಅರ್ಧ ಷೇರು ಮಾರುಕಟ್ಟೆ ಸೇರಿಸಿದ ಒಂದು ಪ್ಲಾನು. ಐದು ವರ್ಷ ಹಣ ಮುಟ್ಟುವಂತಿಲ್ಲ, ಪ್ರತಿ ವರ್ಷವೂ ಅಷ್ಟೇ ಹಣ ಕಟ್ಟುತ್ತಾ ಹೋಗಬೇಕು. ಒಂದೇ ವರ್ಷಕ್ಕೆ ಬೇಕಾದ ಹಣವನ್ನು ಇಡುವ ಜಾಗ ಅದಲ್ಲ ಎಂದು ಎಂ.ಕಾಂ. ಬೇಡ, ಹತ್ತನೇ ತರಗತಿ ಓದಿದವರಿಗೂ ಗೊತ್ತಾಗುತ್ತದೆ. ಆದರೆ ನಮಗೆ ಅತಿ ಹೆಚ್ಚು ಕಮಿಷನ್ ಬರುತ್ತಿದ್ದದ್ದು ಅದರಿಂದ. ಆ ತಿಂಗಳ ಟಾರ್ಗೆಟ್‌ಗೆ ನನಗೆ ಒಂದು ಫಾರಂ ಕಡಿಮೆ ಇತ್ತು. ಟಾರ್ಗೆಟ್ ಮುಟ್ಟದಿದ್ದರೆ ಪ್ರೊಬೇಷನ್ ಮುಗಿಯುತ್ತಿರಲಿಲ್ಲ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವೇನಾದರೂ ಇತ್ತೇ ಎಂದು ಎಷ್ಟೋ ಸಲ ಹುಡುಕಿದ್ದೇನೆ, ಸಿಕ್ಕಿಲ್ಲ.

“ಅಟ್ಟಕ್ಕೆ ಹಾಕ್ದಂಗೆ ಕಣಕ್ಕ,” ಎಂದೆ. “ಹಾಕ್ಬುಟ್ಟು ಮರ್ತುಬುಡು. ಒಳಗೇ ಬಲೀತದೆ.”

ಅಕ್ಕನ ಮುಖ ಅರಳಿತು. ಅದುವರೆಗೆ ಕಂಪನಿ, ಪ್ಲಾನು ಎಂದಾಗಲೆಲ್ಲ ಅವಳ ಹುಬ್ಬಿನಲ್ಲಿ ಬರುತ್ತಿದ್ದ ಗಂಟು ಬಿಚ್ಚಿಕೊಂಡಿತು. “ಹಂಗಂದ್ರೆ ಸರಿ ಬುಡು,” ಎಂದು ಒಳಗೆ ಹೋಗಿ ಆಧಾರ್ ಕಾರ್ಡ್ ತಂದಳು. ಅಟ್ಟಕ್ಕೆ ಹಾಕಿದ್ದು ಹನ್ನೊಂದು ತಿಂಗಳಿಗೆ ಇಳಿಯುತ್ತದೆ ಎಂದು ನಮ್ಮ ಸೀಮೆಯಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ. ಅವಳು ಎಷ್ಟು ತಿಂಗಳು ಎಂದು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ನನಗೆ ಗೊತ್ತಿತ್ತು, ನಾನೂ ಸುಮ್ಮನಿದ್ದೆ.

ವಾರದ ನಂತರ ಅಕ್ಕ ಅಟ್ಟ ಇಳಿಸಿ, ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಹಾಕಿ, ಚೆಕ್ ಕೊಟ್ಟಳು. ಆಮೇಲೆ ವಿಮೆ ಕಂಪನಿಯಿಂದ ಖಾತ್ರಿ ಮಾಡಿಕೊಳ್ಳುವ ಫೋನ್ ಬರುತ್ತದೆ, ಅದಕ್ಕೆ ಗಿರಾಕಿಯೇ ಉತ್ತರ ಕೊಡಬೇಕು. ಆ ಹೊತ್ತಿಗೆ ನಾವು ಪಕ್ಕದಲ್ಲಿರಬೇಕು ಎಂಬುದು ಯಜಮಾನರ ಕಟ್ಟಪ್ಪಣೆ. ಅಕ್ಕನ ಮನೆಯ ಜಗಲಿಯಲ್ಲಿ ಕುಳಿತು ಫೋನನ್ನು ಸ್ಪೀಕರಿಗೆ ಹಾಕಿದೆ. ಆ ಕಡೆಯ ಹುಡುಗಿ ಪುಸ್ತಕದ ಕನ್ನಡದಲ್ಲಿ ಒಂದೊಂದಾಗಿ ಕೇಳುತ್ತಾ ಹೋದಳು. ಅಕ್ಕ ಪ್ರತಿ ಪ್ರಶ್ನೆಗೂ ನನ್ನ ಮುಖ ನೋಡುತ್ತಿದ್ದಳು, ನಾನು ತಲೆ ಆಡಿಸುತ್ತಿದ್ದೆ, ಅವಳು ಹೂ ಎನ್ನುತ್ತಿದ್ದಳು. ಒಂದು ಪ್ರಶ್ನೆಗೆ ಮಾತ್ರ ಅವಳು ತಡೆದಳು. ನಾನು ಮೆಲ್ಲಗೆ ಹೇಳಿಕೊಟ್ಟೆ. ಹೂ ಎಂದಳು. ಆಮೇಲೆ ಒಬ್ಬಟ್ಟು ಬಡಿಸಿ ತುಪ್ಪ ಸುರಿದಳು.

ನನ್ನ ಪ್ರೊಬೇಷನ್ ಮುಗಿಯಿತು. ‘ಅಟ್ಟಕ್ಕೆ ಹಾಕ್ದಂಗೆ’ ಎಂಬ ಮಾತು ಯಜಮಾನರಿಗೆ ಎಷ್ಟು ಹಿಡಿಸಿತೆಂದರೆ ಅದನ್ನೇ ಕರಪತ್ರದಲ್ಲಿ ಅಚ್ಚು ಹಾಕಿಸಿದರು. ‘ನಿಮ್ಮ ಹಣವನ್ನೂ ಅಟ್ಟಕ್ಕೆ ಹಾಕಿ’ ಎಂದು ಮೇಲೆ, ಕೆಳಗೆ ತೆಂಗಿನಮರ, ನಗುತ್ತಿರುವ ಯಾರದೋ ಸಂಸಾರದ ಫೋಟೊ. ಅರಳಗುಪ್ಪೆ ಕಡೆಯ ಹಳ್ಳಿಗಳಲ್ಲಿ ಆ ಕರಪತ್ರ ಹಂಚಿದವಳೂ ನಾನೇ. ಬಂದ ಇನ್‌ಸೆಂಟಿವ್‌ನಲ್ಲಿ ಅಮ್ಮನಿಗೆ ಒಂದು ಮಿಕ್ಸಿ ತಂದುಕೊಟ್ಟೆ.

ಹನ್ನೊಂದು ತಿಂಗಳು ತುಂಬಿದ ವಾರ ಅಕ್ಕ ಆಫೀಸಿಗೆ ಬಂದಳು. ರೇಷ್ಮೆಯಂಚಿನ ಸೀರೆ ಉಟ್ಟಿದ್ದಳು, ಜೊತೆಯಲ್ಲಿ ಮಗಳಿದ್ದಳು. ಹಾಸನದಲ್ಲಿ ಸೀಟು ಸಿಕ್ಕಿತ್ತು, ಮೂರು ವಾರದೊಳಗೆ ಫೀಜು ಕಟ್ಟಬೇಕಿತ್ತು. ಬ್ಯಾಗಿನಿಂದ ಒಂದು ಹಿಡಿ ಕೊಬ್ಬರಿ ಮಿಠಾಯಿ ತೆಗೆದು ನನ್ನ ಮೇಜಿನ ಮೇಲಿಟ್ಟು, “ಇಳ್ಸ್ಕೊಂಡು ಹೋಗಾಣ ಅಂತ ಬಂದೆ ಕಣೇ,” ಎಂದಳು.

ಕಂಪ್ಯೂಟರಿನಲ್ಲಿ ಅವಳ ಖಾತೆ ತೆಗೆದೆ. ತೆಗೆಯುವ ಅಗತ್ಯವಿರಲಿಲ್ಲ, ಏನಿದೆ ಎಂದು ಗೊತ್ತಿತ್ತು. ಮುಂದಿನ ತಿಂಗಳು ಎರಡನೇ ಕಂತು ಕಟ್ಟತಕ್ಕದ್ದು ಎಂದು ಕೆಂಪಕ್ಷರದಲ್ಲಿ ಬಂತು. ಹೇಳಿದೆ. ಐದು ವರ್ಷ ಎಂದೆ. ಕಟ್ಟದಿದ್ದರೆ ಖರ್ಚು ಮುರಿದುಕೊಳ್ಳುತ್ತಾರೆ, ಮಿಕ್ಕಿದ್ದನ್ನೂ ಐದು ವರ್ಷ ತುಂಬಿದ ಮೇಲೆಯೇ ಕೊಡುತ್ತಾರೆ ಎಂದೆ. ಅಕ್ಕ ನಗುತ್ತಲೇ ಇದ್ದಳು, ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡಳು. ಮಗಳು ಮಾತ್ರ ನನ್ನ ಮುಖ ನೋಡಿ, “ಅಮ್ಮ, ಸುಮ್ಕಿರು. ನಿಜ ಹೇಳ್ತಾವ್ರೆ,” ಎಂದಳು.

“ಅಟ್ಟಕ್ಕೆ ಹಾಕ್ದಂಗೆ ಅಂದಿದ್ದೆ ಕಣೇ ನೀನು,” ಎಂದಳು ಅಕ್ಕ. “ಯಾರಾನ ಐದು ವರ್ಷ ಅಟ್ಟದಲ್ಲಿ ಕಾಯಿ ಬುಡ್ತಾರಾ? ಇಲಿ ತಿಂದೋಗ್ತವೆ.”

ಯಜಮಾನರು ಒಳಗಿನಿಂದ ಬಂದರು. ಬಹಳ ಮೆದುವಾಗಿ, ಮರ್ಯಾದೆಯಿಂದ ಮಾತಾಡಿದರು. ಫಾರಂನಲ್ಲಿ ಐದು ವರ್ಷ ಎಂದು ಇದೆ, ನಿಮ್ಮ ಸಹಿ ಇದೆ, ಫೋನಿನಲ್ಲೂ ಒಪ್ಪಿದ್ದೀರಿ, ಅದರ ರೆಕಾರ್ಡ್ ತರಿಸುತ್ತೇನೆ ಬೇಕಿದ್ದರೆ ಕೇಳಿ ಎಂದರು. ಅಕ್ಕ ತರಿಸಿ ಎಂದಳು. ಅವಳಿಗೆ ಆಗಲೂ ಒಂದು ನಂಬಿಕೆ ಇತ್ತು, ತಾನು ಅಂಥ ಮಾತಿಗೆ ಒಪ್ಪಿರಲು ಸಾಧ್ಯವಿಲ್ಲ ಎಂದು.

ನಾಲ್ಕು ದಿನ ಬಿಟ್ಟು ಅವಳು ಒಬ್ಬಳೇ ಬಂದಳು. ಹಳೇ ಸೀರೆ, ಕೈಯಲ್ಲಿ ಬ್ಯಾಗಿಲ್ಲ. ಗಾಜಿನ ಮೇಜಿನ ಮೇಲೆ ಫೋನಿಟ್ಟು ಯಜಮಾನರು ರೆಕಾರ್ಡ್ ಹಾಕಿದರು. ಹೆಸರು ಸರಿಯೇ, ಹೂ. ವಿಳಾಸ ಸರಿಯೇ, ಹೂ. ಹಿಂದೆ ಕರು ಕೂಗುವುದು, ಯಾರೋ ಪಾತ್ರೆ ಉಜ್ಜುವುದು ಎಲ್ಲ ಕೇಳಿಸುತ್ತಿತ್ತು. ‘ಐದು ವರ್ಷಗಳವರೆಗೆ ಹಣವನ್ನು ಹಿಂಪಡೆಯಲು ಸಾಧ್ಯವಿಲ್ಲ ಎಂಬುದನ್ನು ನಿಮಗೆ ತಿಳಿಸಲಾಗಿದೆಯೇ?’ ಎಂದು ಆ ಹುಡುಗಿಯ ದನಿ. ಆಮೇಲೆ ನಿಶ್ಶಬ್ದ. ಆ ನಿಶ್ಶಬ್ದದ ನಡುವೆ ತೀರಾ ಹತ್ತಿರದಿಂದ ಇನ್ನೊಂದು ಪಿಸುದನಿ: ‘ಹೂ ಅನ್ನಕ್ಕ, ಹೂ ಅನ್ನು.’ ಆಮೇಲೆ ಅಕ್ಕನ ಹೂ.

ಯಜಮಾನರು ಕೆಮ್ಮಿದರು. ಅಕ್ಕ ಫೋನನ್ನು ಬಿಟ್ಟು ನನ್ನ ಕಡೆ ತಿರುಗಿದಳು. “ನಿನ್ ದನಿ ಅಲ್ವೇನೆ ಅದು?” ಎಂದಳು. ಕೂಗಲಿಲ್ಲ, ಗುರುತು ಹಿಡಿಯುವವಳ ಹಾಗೆ ಕೇಳಿದಳು ಅಷ್ಟೆ. ನಾನು ಹೂ ಎಂದೆ. ಅವಳು ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಟೈರ್ ಅಂಗಡಿಯ ಮೆಟ್ಟಿಲಿಳಿದು ಹೋದಳು. “ದನಿ ಸಣ್ಣಕ್ಕೈತೆ, ಹೆದ್ರಬೇಡ. ಕಂಪ್ನೀವ್ರು ಅದನ್ನೆಲ್ಲ ತಲೆಗೆ ಹಾಕ್ಕೊಳಲ್ಲ,” ಎಂದರು ಯಜಮಾನರು ನನಗೆ. ನನ್ನನ್ನು ಸಮಾಧಾನ ಮಾಡುತ್ತಿದ್ದಾರೆ ಎಂದು ತಿಳಿದುಕೊಳ್ಳಲು ನನಗೆ ಒಂದು ನಿಮಿಷ ಬೇಕಾಯಿತು.

ಆ ರೆಕಾರ್ಡನ್ನೇ ಆಧಾರವಾಗಿಟ್ಟು, ನಾನೇ ಹೇಳಿಕೊಟ್ಟೆ ಎಂದು ಬರೆದು ವಿಮೆ ಕಂಪನಿಗೆ ಕಳಿಸಿದೆ. ಗ್ರಾಹಕರ ಒಪ್ಪಿಗೆ ಸ್ಪಷ್ಟವಾಗಿ ದಾಖಲಾಗಿದೆ ಎಂದು ಎರಡು ಸಾಲಿನ ಉತ್ತರ ಬಂತು. ಯಜಮಾನರು ನನ್ನನ್ನು ಕರೆದು, ಅನ್ನ ಹಾಕಿದ ಜಾಗಕ್ಕೆ ಹಿಂಗಾ ಮಾಡೋದು ಎಂದು ಒಂದು ಗಂಟೆ ಬೈದರು. ಬೈಸಿಕೊಂಡೆ. ಬಿಟ್ಟು ಹೋಗುತ್ತೇನೆ ಎನ್ನುವ ಧೈರ್ಯ ಆ ದಿನವೂ ಬರಲಿಲ್ಲ, ಇನ್ನೊಂದು ಕೆಲಸ ಸಿಗುವವರೆಗೆ ಎರಡು ತಿಂಗಳು ಅಲ್ಲೇ ಇದ್ದೆ. ಮನೆಯಲ್ಲಿ ಅಮ್ಮ ಮಿಕ್ಸಿಯನ್ನು ಒರೆಸಿ ಡಬ್ಬಿಗೆ ಹಾಕಿ ಮೇಲಿಟ್ಟಳು. ಮತ್ತೆ ಒರಳಿನಲ್ಲೇ ರುಬ್ಬತೊಡಗಿದಳು. ಅಜ್ಜಿಯ ಊರಿನಿಂದ ಸುದ್ದಿ ಅವಳಿಗೂ ಮುಟ್ಟಿತ್ತು.

ಫೀಜಿನ ಗಡುವಿಗೆ ಎರಡು ದಿನ ಇದ್ದಾಗ, ನನ್ನ ಹತ್ತಿರ ಇದ್ದಷ್ಟನ್ನು ಕವರಿಗೆ ಹಾಕಿಕೊಂಡು ಅಕ್ಕನ ಮನೆಗೆ ಹೋದೆ. ದೂರದಿಂದಲೇ ಹುಳಿ ವಾಸನೆ ಬಂತು. ಅಂಗಳದ ತುಂಬಾ ಒಡೆದ ಕಾಯಿ ಹರಡಿತ್ತು. ಈ ವರ್ಷ ಅಟ್ಟಕ್ಕೆ ಹಾಕಿದ್ದ ಕಾಯಿಗೆ ಇನ್ನೂ ಏಳು ತಿಂಗಳೂ ತುಂಬಿರಲಿಲ್ಲ, ಅಕ್ಕ ಅದನ್ನೇ ಇಳಿಸಿಬಿಟ್ಟಿದ್ದಳು. ನೀರು ಬತ್ತದ ತಿರುಳು ಕರಟಕ್ಕೆ ಅಂಟಿಕೊಂಡಿತ್ತು. ಅವಳ ಗಂಡ ಚಾಕು ಹಾಕಿ ಕಿತ್ತಷ್ಟೂ ಚೂರಾಗಿ ಬರುತ್ತಿತ್ತು. ಹಸಿ ಚೂರನ್ನು ಕೊಬ್ಬರಿ ಎಂದು ಯಾರೂ ಕೊಳ್ಳುವುದಿಲ್ಲ, ಎಣ್ಣೆ ಗಾಣದವರು ಕೇಳಿದ ಬೆಲೆಗೆ ಕೊಡಬೇಕು. ದಾರಿಯಲ್ಲಿ ಹೋಗುವವರು ಅಂಗಳದ ಕಡೆ ನೋಡದ ಹಾಗೆ ನೋಡಿಕೊಂಡು ಹೋಗುತ್ತಿದ್ದರು. ಮಾಗದ ಅಟ್ಟ ಇಳಿಸುವಷ್ಟು ಏನು ಬಂತು ಈ ಮನೆಗೆ ಎಂದು ಊರೆಲ್ಲ ಮಾತಾಡಿಕೊಳ್ಳುವುದು ಖಂಡಿತ.

ಅದೆಲ್ಲ ಮಾರಿದರೂ ಫೀಜಿನ ಅರ್ಧಕ್ಕೂ ಬರಲಿಲ್ಲ. ಸೀಟು ಹೋಯಿತು. ಆ ಹುಡುಗಿ ಈಗ ತಿಪಟೂರಿನ ಒಂದು ನರ್ಸಿಂಗ್ ಹೋಂನಲ್ಲಿ ಬಾಗಿಲ ಹತ್ತಿರ ಕುಳಿತು ರೋಗಿಗಳಿಗೆ ಚೀಟಿ ಬರೆದುಕೊಡುತ್ತಾಳೆ. ಒಮ್ಮೆ ಜ್ವರ ಬಂದು ನಾನು ಅಲ್ಲಿಗೆ ಹೋಗಿದ್ದಾಗ ನನ್ನ ಹೆಸರನ್ನೂ ಬರೆದುಕೊಂಡಳು, ವಯಸ್ಸೆಷ್ಟು ಎಂದು ಗುರುತಿಲ್ಲದವಳ ಹಾಗೆ ಕೇಳಿದಳು. ನಾನು ತುಮಕೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿದ್ದೇನೆ. ಆ ಕರಪತ್ರ ಈಗಲೂ ಅಚ್ಚಾಗುತ್ತಿದೆ.

ಕವರು ಹಿಡಿದುಕೊಂಡು ಹೋದ ಆ ದಿನ ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ಅವಳು ಕೈ ತೊಳೆದುಕೊಂಡು ಎದ್ದು, “ಒಳಗ್ ಬಾ,” ಎಂದಳು. ನಡುಮನೆಯಲ್ಲಿ ಚಾಪೆ ಹಾಕಿದಳು. ಕವರು ಮುಂದೆ ಹಿಡಿದೆ. ಅದನ್ನು ಮುಟ್ಟಲಿಲ್ಲ. “ಮಡಿಕ್ಕೊ. ನಿಮ್ಮವ್ವಂಗೆ ಏನಾರ ತಗೊಂಡ್ ಹೋಗು,” ಎಂದಳು. ಅಡುಗೆ ಮನೆಗೆ ಹೋದಳು. ನಾನು ನೀರು ಕೇಳಿರಲಿಲ್ಲ, ಆದರೂ ಅದೇ ಹೊಳೆಯುವ ಚೊಂಬಿನಲ್ಲಿ ತಂದು ನನ್ನ ಕೈಗಿಟ್ಟು, ಕಳೆದ ವರ್ಷದ ಹಾಗೆಯೇ ಕಂಬಕ್ಕೆ ಒರಗಿ ನಿಂತಳು.

“ಎತ್ತಿ ಕುಡಿಯವ್ವ,” ಎಂದಳು. “ಅವತ್ತು ಗಡಿಬಿಡೀಲಿ ನೋಡ್ದೆ ನೀನು. ಇವತ್ತು ಎಷ್ಟೊತ್ತು ಬೇಕಾದ್ರೂ ನೋಡು.”

ನಾನು ತಲೆ ತಗ್ಗಿಸಿ, ಚೊಂಬಿಗೆ ಬಾಯಿ ಹಚ್ಚಿ, ಎಂಜಲು ಮಾಡಿಕೊಂಡು ಆ ನೀರು ಕುಡಿದೆ.